ಕಾಂಡ್ಲದ ಕೆಸರಿನಲ್ಲಿ ನಡೆದು ಬಂದ ಕಾಲು

ಓದುವ ಎಲ್ಲರಿಗೂ ನಮಸ್ಕಾರ. ನಾನು ಬರೆಯುವ ಜಾತಿಯವನಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಡ್ರೆಸ್ಸರ್ ಆಗಿದ್ದು, ಈಗ ನಿವೃತ್ತನಾಗಿ ಅಮದಳ್ಳಿಯ ಮನೆಯಲ್ಲಿ ಕೂತವನು. ಅಕ್ಷರ ನನಗೆ ತಡವಾಗಿ ಬಂತು. ಮೀಸೆ ಮೂಡಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಕಲಿತದ್ದು. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಒತ್ತಕ್ಷರ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹೇಳಬೇಕೆಂದಿದ್ದು ಮರೆತುಹೋಗುತ್ತದೆ. ಹೆಚ್ಚು ಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಕೇರಿಯ ಹುಡುಗಿಯೊಬ್ಬಳು ನರ್ಸಿಂಗ್ ಮುಗಿಸಿ ಈಚೆಗೆ ಕೆಲಸಕ್ಕೆ ಸೇರಿದಳು. ರಜೆಗೆ ಬಂದಾಗ ಕೇಳಿದಳು, “ಕಾಕಾ, ಗಾಯದ ವಾಸನೆಗೆ ನಂಗೆ ಊಟವೇ ಸೇರೂದಿಲ್ಲ. ನೀವು ಇಷ್ಟು ವರ್ಷ ಹೆಂಗೆ ಮಾಡಿದ್ರಿ?”

“ರೂಢಿ ಆಗ್ತದೆ ಮಗಾ” ಅಂದೆ. ಅವಳು ಹೋದ ಮೇಲೆ ನನ್ನ ಉತ್ತರ ನನಗೇ ಸರಿ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಈಗ ಬೆಳಿಗ್ಗೆ ಎದ್ದರೆ ನನಗೆ ಆ ಕೋಣೆ ಬೇಕೆನಿಸುತ್ತದೆ. ಸ್ಪಿರಿಟ್ಟಿನ ವಾಸನೆ, ಡ್ರಮ್ಮಿನಿಂದ ತೆಗೆದ ಬಿಸಿ ಬಟ್ಟೆಯ ವಾಸನೆ, ಹೊರಗೆ ಬೆಂಚಿನ ಮೇಲೆ ಕಾಲು ಚಾಚಿ ಕೂತು “ಕಂಪೌಂಡ್ರೇ, ನಂದು ಮೊದಲು” ಎಂದು ಜಗಳ ಮಾಡುವವರು. ನಾನು ಕಂಪೌಂಡರ್ ಅಲ್ಲ ಎಂದು ಹೇಳಿ ಹೇಳಿ ಸುಮ್ಮನಾಗಿದ್ದೆ. ಈಗ ಯಾರಾದರೂ ಹಾಗೆ ಕರೆದರೆ ಅವರ ಬಳಿಗೆ ಓಡುತ್ತೇನೆ.

ನನ್ನ ಕೆಲಸದ ಬಹುಪಾಲು ಕಳೆದದ್ದು ಅಂಕೋಲೆಯ ಕಡೆ, ಬೇಲೆಕೇರಿಯ ಆಚೆ ಹೊಳೆದಂಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ. ಅಲ್ಲಿ ನನಗೆ ಕೆಲಸ ಕಲಿಸಿದವರು ಫಿಲೋಮಿನಾ ಸಿಸ್ಟರ್. ಕಾರವಾರದವರು, ಮನೆಯಲ್ಲಿ ಕೊಂಕಣಿ. ಸಿಟ್ಟು ಬಂದರೆ ಕೊಂಕಣಿ, ಪ್ರೀತಿ ಬಂದರೂ ಕೊಂಕಣಿ, ಕೆಲಸ ಹೇಳುವಾಗ ಮಾತ್ರ ಕನ್ನಡ. ಗಾಯ ನೋಡುವ ಮೊದಲು ಗಾಯದವನ ಮುಖ ನೋಡಬೇಕು ಎಂದು ಹೇಳಿದವರು ಅವರು.

ಜನ ಗಾಯಕ್ಕೆ ಏನೇನು ಹಾಕಿಕೊಂಡು ಬರುತ್ತಿದ್ದರು ಎಂದು ಕೇಳಿದರೆ ಈಗಿನವರು ನಗುತ್ತಾರೆ. ಕಾಫಿ ಪುಡಿ, ಸುಣ್ಣ, ಹಲ್ಲುಜ್ಜುವ ಪೇಸ್ಟು, ಬೋಟಿನ ಇಂಜಿನ್ನಿನ ಗ್ರೀಸು. ಒಮ್ಮೆ ಮೀನು ಮಾರುವ ಹೆಂಗಸೊಬ್ಬಳು ಬಂದಳು. ಕತ್ತಿ ತಾಗಿದ ಬೆರಳು ಬಾತು ಹೊಳೆಯುತ್ತಿತ್ತು. ಏನು ಹಾಕಿದೆ ಎಂದರೆ “ಎಂತಾ ಇಲ್ಲಾ, ಎಂತಾ ಇಲ್ಲಾ” ಅನ್ನುತ್ತಾಳೆ. ನಾನು ಗದರಿಸಲು ಬಾಯಿ ತೆರೆಯುವಷ್ಟರಲ್ಲಿ ಸಿಸ್ಟರ್ ನಡುವೆ ಬಂದು, “ನಮ್ಮ ಅಜ್ಜಿ ತಂಬಾಕು ಜಗಿದು ಇಡ್ತಿದ್ಲು. ನೀನೂ ಅದೇ ಇಟ್ಯಾ?” ಅಂದರು. ಆಕೆ ನಕ್ಕುಬಿಟ್ಟಳು. “ಹೌದ್ರಾ ಅಕ್ಕಾ, ತಂಬಾಕೇಯಾ. ಅದ್ರ ಮೇಲೆ ಚೂರು ಸೀಮೆಎಣ್ಣೆ.” ಹೊರಗೆ ಬಂದಾಗ ಸಿಸ್ಟರ್ ನನಗೆ ಹೇಳಿದರು, “ಗಾಯ ಒತ್ತಿದ್ರೆ ಕೀವು ಬರ್ತದೆ. ಮನುಷ್ಯನ್ನ ಒತ್ತಿದ್ರೆ ಅವ ಎದ್ದು ಹೋಗ್ತಾನೆ, ಅಷ್ಟೇ.” ಹೊಸಬರು ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ನಂತರ ವಿಧಾನಗಳು ಬದಲಾದವು. ಮೊದಲು ನಾವೇ ಗಾಜ್ ಬಟ್ಟೆ ಕತ್ತರಿಸಿ ಮಡಚಿ ಡ್ರಮ್ಮಿಗೆ ತುಂಬಿ ಹಬೆಯಲ್ಲಿ ಬೇಯಿಸುತ್ತಿದ್ದೆವು. ಈಗ ಎಲ್ಲ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಗಾಯದ ಮೇಲೆ ನೊರೆ ಉಕ್ಕುವ ಮದ್ದು ಹಾಕುತ್ತಿದ್ದೆವು; ನೊರೆ ಕಂಡರೆ ಜನಕ್ಕೆ ಸಮಾಧಾನ. ಆಮೇಲೆ ಬಂದ ಡಾಕ್ಟರ್ ಮೇಡಂ, ಅದು ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡುತ್ತದೆ, ಸಲೈನಿನಲ್ಲಿ ತೊಳೆದರೆ ಸಾಕು ಅಂದರು. ಅವರು ಹೇಳಿದ್ದು ಸರಿಯೇ, ಗಾಯಗಳು ಬೇಗ ಮಾಯ್ದವು. ಆದರೆ ನಮ್ಮ ಜನಕ್ಕೆ ಅದು ಉಪ್ಪುನೀರು ಎಂದು ಗೊತ್ತಾದ ದಿನ ದೊಡ್ಡ ಗಲಾಟೆ. “ಉಪ್ಪುನೀರು ನಮ್ಮ ಮನೆ ಎದುರಿಗೆ ಅಷ್ಟು ದೊಡ್ಡದು ಬಿದ್ಕಂಡದೆ, ಇದ್ಕೆ ಇಲ್ಲಿ ತಂಕ ಬರ್ಬೇಕಾ?” ಎಂದು ಒಬ್ಬ ಅಂದ, ಬೆಂಚಿನವರೆಲ್ಲ ನಗಾಡಿದರು. ಮೇಡಂ ಕೂಡ ನಕ್ಕರು.

ಈ ಮಾತನ್ನು ಅಂದವನು ಪಾಂಡಣ್ಣ. ಈ ಬರಹ ಮುಖ್ಯವಾಗಿ ಅವನ ಕಾಲಿನ ಬಗ್ಗೆ.

ಪಾಂಡಣ್ಣ ಸಮುದ್ರಕ್ಕೆ ಹೋಗುವ ಮನೆತನದವನು. ಆಸ್ಪತ್ರೆಯ ಎದುರು ಹೊಳೆ, ಹೊಳೆಯ ಆಚೆ ಕಡಲಿಗೂ ಹೊಳೆಗೂ ನಡುವೆ ಚಾಚಿದ ಮರಳಿನ ಕೋಡಿ, ಅದರ ಮೇಲೆ ಅವರ ಕೇರಿ. ಆಗ ಸೇತುವೆ ಇರಲಿಲ್ಲ. ದಾಟಿಸುವ ದೋಣಿ ಒಂದಿತ್ತು, ಅವರ ಅಪ್ಪನದು; ಅದನ್ನು ನಡೆಸುತ್ತಿದ್ದವನು ಅವನ ತಮ್ಮ ದತ್ತಾ. ದೋಣಿಯಲ್ಲಿ ಕೂತರೆ ಒಂದು ಎಲೆ ಅಡಿಕೆ ಜಗಿಯುವಷ್ಟರಲ್ಲಿ ಈಚೆ ದಡ. ಬೇರೆ ದಾರಿಯೆಂದರೆ ಹೊಳೆಯ ತಲೆಯನ್ನು ಸುತ್ತಿ, ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಲ್ಲುವ ಕಾಂಡ್ಲದ ಗಿಡಗಳ ನಡುವೆ, ನೀರು ಇಳಿದ ಹೊತ್ತಿನಲ್ಲಿ ಕಪ್ಪು ಕೆಸರು ತುಳಿಯುತ್ತ ಬರುವುದು. ಏಡಿ ಹಿಡಿಯುವವರು ಬಿಟ್ಟರೆ ಅಲ್ಲಿ ಯಾರೂ ನಡೆಯುತ್ತಿರಲಿಲ್ಲ.

ಬಲೆ ಎಳೆಯುವಾಗ ತೊರಕೆ ಮೀನು ಬಾಲದ ಮುಳ್ಳಿನಿಂದ ಪಾಂಡಣ್ಣನ ಪಾದಕ್ಕೆ ಹೊಡೆದಿತ್ತು. ಮನೆಯಲ್ಲೇ ಏನೋ ಹಚ್ಚಿ ತಡಮಾಡಿದ. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ, ಅದು ಅವನಿಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿಗೆ ಬಂದಾಗ ಗಾಯದ ಬಾಯಿ ಸಣ್ಣದಾಗಿ ಮುಚ್ಚಿಕೊಂಡಿತ್ತು, ಒಳಗೆ ಪಾದ ಪೂರ್ತಿ ಕೀವು. ಮೇಡಂ ಕೊಯ್ದು ಕೀವು ತೆಗೆದರು. ಇಂಥ ಗಾಯದ ಮೇಲಿನ ಚರ್ಮ ಬೇಗ ಕೂಡಿಕೊಳ್ಳಲು ನೋಡುತ್ತದೆ. ನಾವು ಬಿಡಬಾರದು. ಒಳಗೆ ಪಟ್ಟಿ ತುಂಬಿ ಬಾಯಿ ತೆರೆದೇ ಇಟ್ಟು, ತಳದಿಂದ ಮಾಂಸ ಬೆಳೆದು ಮೇಲೆ ಬರುವಂತೆ ಮಾಡಬೇಕು. ಹಾಗಾಗಿ ದಿನ ಬಿಟ್ಟು ದಿನ ಬಾ ಅಂದೆವು. ಅವನು ತಪ್ಪದೆ ಬಂದ.

ಆದರೆ ಗಾಯ ಮಾಯುತ್ತಿರಲಿಲ್ಲ. ನಾನು ಒಣಗಿದ ಬಿಳಿ ಪಟ್ಟಿ ಕಟ್ಟಿ ಕಳಿಸಿದರೆ ಅವನು ಒದ್ದೆ ಪಟ್ಟಿಯಲ್ಲಿ ಬರುತ್ತಿದ್ದ. ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದೇ ಒಳಗೆ ಬರುವುದು. ತೊಳೆದರೂ ಪಟ್ಟಿ ಬಿಚ್ಚಿದಾಗ ಕೊಳೆತ ಎಲೆಯ ವಾಸನೆ ಬರುತ್ತಿತ್ತು.

“ಪಾಂಡಣ್ಣಾ, ಇದು ಕೆಸರಿನ ವಾಸನೆ.”

“ಎಂತಾ ಕೆಸರು ಮಾರಾಯ್ರೇ? ದೋಣಿ ಇಳೂವಾಗ ನೀರು ತಾಗಿದ್ದು.”

“ದತ್ತಾಗೆ ಹೇಳಿ ದಡಕ್ಕೆ ಸರಿಯಾಗಿ ಹಚ್ಚಿಸಿಕೋ.”

ಅವನು ಮುಖ ಗೋಡೆಯ ಕಡೆ ಮಾಡಿಕೊಂಡ. ಕತ್ತರಿ ಗಾಯಕ್ಕೆ ತಾಗಿದರೂ ಮುಖ ಗಂಟಿಕ್ಕದ ಮನುಷ್ಯ ಆ ಹೆಸರಿಗೆ ಮುಖ ಗಂಟಿಕ್ಕಿದ.

ಒಂದು ದಿನ ದತ್ತಾನೇ ಡ್ರೆಸ್ಸಿಂಗ್ ಕೋಣೆಯ ಕಿಟಕಿಯ ಹೊರಗೆ ಬಂದು ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

“ಆ ಕಾಲು ಹೆಂಗದೆ?” ಅಂದ.

“ಯಾವ ಕಾಲು?”

“ಅದೇ, ತೊರಕೆ ಹೊಡದ ಕಾಲು.”

“ಅಣ್ಣನ ಕಾಲು ಅನ್ನೋದಕ್ಕೆ ಏನು ಕಷ್ಟ? ದಾಟಿಸುವವ ನೀನು, ನನ್ನ ಕೇಳ್ತೀಯಲ್ಲ?”

“ಯಾರು, ನಾನಾ? ಅವ ನನ್ನ ದೋಣಿ ಮೆಟ್ಟದೆ ಯಾವ ಕಾಲ ಆತು! ಇಳಿತ ನೋಡ್ಕಂಡು ಕಾಂಡ್ಲದ ಹಿಂದಿಂದ ಬತ್ತಾ. ಮೊಣಕಾಲ್ ಮಟ ಹುಗಿತದೆ. ನಾ ದೋಣೀಲಿ ಕೂತು ನೋಡ್ತಾ ಇರ್ತೆ.” ಸ್ವಲ್ಪ ಹೊತ್ತು ಕಿಟಕಿಯ ಸರಳು ಉಜ್ಜುತ್ತ ನಿಂತು, “ಅವಂಗೆ ನಾ ಬಂದದ್ದು ಹೇಳ್ಬೇಡಿ” ಎಂದು ಹೊರಟುಹೋದ.

ನಾವು ಇತ್ತ ತೊಳೆಯುವುದು, ಅವನು ಮನೆಗೆ ಹೋಗುವ ದಾರಿಯಲ್ಲೇ ಮತ್ತೆ ಕೆಸರು ತುಂಬಿಸಿಕೊಳ್ಳುವುದು.

ಮುಂದಿನ ಸಲ ಅವನ ಹೆಂಡತಿ ಶೇವಂತಿಯೂ ಜೊತೆಗೆ ಬಂದಿದ್ದಳು. ಮೇಡಂ ನೇರವಾಗಿಯೇ ಹೇಳಿದರು, ಹೀಗೆ ನಡೆದರೆ ಕಾಲು ಉಳಿಯುವುದಿಲ್ಲ, ಕಾರವಾರದ ದೊಡ್ಡ ಆಸ್ಪತ್ರೆಯಲ್ಲಿ ಮಲಗು, ಇಲ್ಲವೇ ದೋಣಿಯಲ್ಲಿ ಬಾ. ಪಾಂಡಣ್ಣ ಕೈ ಮುಗಿದು, “ಮಲಗೂದಿಲ್ಲ ಮೇಡಂ. ಆ ದೋಣಿನೂ ಬ್ಯಾಡ” ಎಂದು ಎದ್ದು ಹೊರಗೆ ಹೋದ.

ಶೇವಂತಿ ಸೆರಗಿನಿಂದ ಮುಖ ಒರೆಸಿಕೊಂಡು ನಡೆದದ್ದನ್ನು ಹೇಳಿದಳು. ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಅವರ ಬಲೆಯ ದೋಣಿ ಹೊಸ ಹಂಗಾಮಿಗೆ ನೀರಿಗಿಳಿಯುವುದು. ಕಾಯಿ ಬಿಡುವವನು ಮನೆಯ ಹಿರಿಯ. ಅಪ್ಪ ತೀರಿಹೋದ ಮೇಲೆ ಅದು ಪಾಂಡಣ್ಣನ ಪಾಲಿಗೆ ಬಂದಿತ್ತು. ಮನೆಯ ಮರದ ಕಾಯಿ ಆ ವರ್ಷ ಸಣ್ಣದಾಗಿದೆ, ಅಪ್ಪ ಬಿಡುತ್ತಿದ್ದಂಥ ದೊಡ್ಡ ಕಾಯಿ ಬೇಕು ಎಂದು ಅವನು ಅಂಕೋಲೆ ಪೇಟೆಗೆ ಹೋದ. ಬರುವುದು ತಡವಾಯಿತು. ನೀರು ಇಳಿಯತೊಡಗಿತು. ದತ್ತಾ ಮನೆಯ ಸಣ್ಣ ಕಾಯಿಯನ್ನೇ ಬಿಟ್ಟು ದೋಣಿ ಇಳಿಸಿದ. ಪಾಂಡಣ್ಣ ದೊಡ್ಡ ಕಾಯಿ ಎದೆಗೆ ಹಿಡಿದು ಮರಳಿನಲ್ಲಿ ಓಡುತ್ತ ಬಂದಾಗ ದೋಣಿ ನೀರಿನಲ್ಲಿತ್ತು.

“ಕಾಯಿ ಅಲ್ಲೇ ಮಳಲಲ್ಲಿ ಇಟ್ರು, ಮನಿಗೆ ಬಂದು ಮಲಗಿದ್ರು” ಎಂದಳು ಶೇವಂತಿ. “ಬೈದಿದ್ರೆ ಮುಗೀತಿತ್ತು. ಒಂದು ಬೈಗಳ ಬೈಲಿಲ್ಲ. ಆ ದಿನದಿಂದ ಇವ್ರು ಬೇರೆ ಬಲೆಯವ್ರ ಜೊತೆ ಎಳೂಕೆ ಹೋತ್ರು.”

ನಾನು ಬುದ್ಧಿ ಹೇಳುತ್ತೇನೆ ಎಂದು ಎದ್ದೆ. ಸಿಸ್ಟರ್ ನನ್ನ ತೋಳು ಹಿಡಿದರು. ಮೇಡಂ ಸಲೈನು, ಗಾಜ್ ಬಟ್ಟೆ, ಗುಳಿಗೆಗಳನ್ನು ಶೇವಂತಿಗೆ ಕೊಟ್ಟು ಮನೆಯಲ್ಲೇ ಪಟ್ಟಿ ಬದಲಿಸಲು ಹೇಳಿದರು. ನಾನು ಅವಳಿಗೆ ಹೇಗೆ ಎಂದು ತೋರಿಸಿಕೊಟ್ಟೆ. ಅವಳ ಕೈ ನನಗಿಂತ ಹಗುರ.

ಮಳೆ ಹಿಡಿಯಿತು. ಕಾಂಡ್ಲದ ದಾರಿ ನೀರಿನಡಿ ಹೋಯಿತು. ಒಂದು ಬೆಳಿಗ್ಗೆ ಶೇವಂತಿಯ ಫೋನು.

“ಕಂಪೌಂಡ್ರೇ, ನೋವು ಹೋಯ್ತು ಅಂತ್ರು. ಪಟ್ಟಿ ಮುಟ್ಟೂಕೆ ಬಿಡೂದಿಲ್ಲ. ನಂಗೆ ಹೆದ್ರಿಕೆ ಆಗ್ತದೆ. ಮನಿಯೆಲ್ಲ ವಾಸನೆ.”

ಸಕ್ಕರೆ ಕಾಯಿಲೆಯವನು ನೋವು ಹೋಯಿತು ಎಂದರೆ ನಾವು ಹೆದರಬೇಕು. ಮೇಡಂ ಬೇರೆ ರೋಗಿಗಳ ನಡುವೆ ಇದ್ದರು. ನೀವು ಹೋಗಿ ನೋಡಿ ಫೋನ್ ಮಾಡಿ ಅಂದರು. ನಾನು ದತ್ತಾನ ದೋಣಿ ಹತ್ತಿದೆ.

ಅರ್ಧ ಹೊಳೆಯವರೆಗೂ ಅವನು ಹುಟ್ಟು ಹಾಕುತ್ತಲೇ ಇದ್ದ. ಕೊನೆಗೆ ನಾನೇ, “ಒಂದು ಮಾತು ನೀನೇ ಮೊದಲು ಆಡಿದ್ರೆ ಏನಾಗ್ತಿತ್ತು?” ಅಂದೆ.

“ಹೋಗಿದ್ದೆ. ಅವನ ಅಂಗಳದಾಗೆ ನಿಂತಿದ್ದೆ. ಅವ ಬಲೆ ಹೊಲೀತಾ ಇದ್ದವ ತಲೆ ಎತ್ತಲೇ ಇಲ್ಲ. ಎಷ್ಟೊತ್ತು ನಿಲ್ಲೂದು? ನಾ ಎಂತಾ ಲೈಟಿನ ಕಂಬವಾ?”

ಪಾಂಡಣ್ಣನ ಪಾದ ನೋಡಿದೆ. ಎರಡು ಬೆರಳು ಕಪ್ಪಾಗಿದ್ದವು. ಕೆಂಪು ಮೇಲಕ್ಕೆ ಏರುತ್ತಿತ್ತು, ಮೈ ಸುಡುತ್ತಿತ್ತು. ಮೇಡಂಗೆ ಫೋನ್ ಮಾಡಿದೆ. ಈಗಲೇ ಕರೆತನ್ನಿ, ಕಾರವಾರಕ್ಕೆ ಒಯ್ಯಲು ಆಂಬುಲೆನ್ಸ್ ದಡದಲ್ಲಿ ನಿಲ್ಲಿಸುತ್ತೇನೆ, ತಡವಾದರೆ ಕಾಲಷ್ಟೇ ಅಲ್ಲ, ಜೀವವೂ ಹೋಗುತ್ತದೆ ಅಂದರು. ಅದನ್ನು ಅವನಿಗೆ ಹಾಗೆಯೇ ಹೇಳಿದೆ.

“ಬೇರೆ ದೋಣಿ ನೋಡಿ” ಅಂದ.

ಬೇರೆ ದೋಣಿ ಎಲ್ಲಿಂದ? ಮಳೆಗಾಲಕ್ಕೆಂದು ಕಡಲಿನ ದೋಣಿಗಳನ್ನೆಲ್ಲ ಮೇಲಕ್ಕೆಳೆದು ತೆಂಗಿನ ಗರಿ ಮುಚ್ಚಿ ಕಟ್ಟಿದ್ದರು. ಶೇವಂತಿಗೆ ತಡೆಯಲಾಗಲಿಲ್ಲ. “ದೋಣಿ ಎಂತಾ ಮಾಡದೆ ನಿಮ್ಗೆ? ಅದು ನಿಮ್ಮಪ್ಪನ ದೋಣಿ!”

“ಅಪ್ಪನ ದೋಣೀಲಿ ಕೂಡೂಕೆ ನಂಗೇನೂ ಇಲ್ಲ. ಅವ ಕೂತ ದೋಣೀಲಿ ಕೂಡೂದಿಲ್ಲ.”

ದತ್ತಾ ಅಂಗಳದಲ್ಲಿ ಮಳೆಗೆ ನಿಂತಿದ್ದ. ಎಲ್ಲ ಕೇಳಿಸಿರಬೇಕು. ಒಳಗೆ ನೋಡದೆಯೇ ಹೇಳಿದ, “ನಾ ಕೂಡೂದಿಲ್ಲ. ಅವ ಕೂಡ್ಲಿ.”

ಹಾಗೆಯೇ ಆಯಿತು. ಕೇರಿಯವರು ಪಾಂಡಣ್ಣನನ್ನು ಎತ್ತಿ ದೋಣಿಯಲ್ಲಿ ಕೂರಿಸಿದರು. ಅವನು ಹಿಂದಕ್ಕೆ ಬೆನ್ನು ಮಾಡಿ ಕೂತ. ನಾನು ಅವನ ಕಾಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಎದುರು ಕೂತೆ. ಶೇವಂತಿ ಮುಂದೆ ನಿಂತು ಬಿದಿರಿನ ಗಳ ಹಿಡಿದಳು. ದತ್ತಾ ನೀರಿಗಿಳಿದು ದೋಣಿಯ ಹಿಂಬದಿ ಹಿಡಿದು ನೂಕುತ್ತ ಬಂದ. ಮೊದಲು ಸೊಂಟದವರೆಗೆ ನೀರು, ಆಮೇಲೆ ಎದೆ. ನಡುವೆ ಗಳಕ್ಕೆ ನೆಲ ಸಿಗದ ಜಾಗ ಬಂದಾಗ ಅವನು ಒಂದು ಕೈಯಲ್ಲಿ ದೋಣಿ ಹಿಡಿದು ಈಜತೊಡಗಿದ. ಮಳೆಗಾಲದ ಹೊಳೆ, ಸೆಳೆತ ಕಡಲ ಕಡೆಗೆ.

ಪಾಂಡಣ್ಣ ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

“ಹಿಂದೆ ತಲೆ ಕಾಣ್ತದಾ?” ಅಂದ.

“ಕಾಣ್ತದೆ.”

ಒಂದು ಅಲೆ ದೋಣಿಯನ್ನು ಅಡ್ಡಡ್ಡ ತಿರುಗಿಸಿತು.

“ಈಗ?”

ನಾನು ನೋಡಿದೆ. ದೋಣಿಯ ಅಂಚಿನಲ್ಲಿ ನಾಲ್ಕು ಬೆರಳಿದ್ದವು, ತಲೆ ಇರಲಿಲ್ಲ. ನನ್ನ ಮುಖ ನೋಡಿಯೇ ಪಾಂಡಣ್ಣ ತಿರುಗಿದ. ಕಾಲು ನನ್ನ ತೊಡೆಯಿಂದ ಕಿತ್ತುಕೊಂಡು ಹೋಯಿತು. ಬಗ್ಗಿ ನೀರಿಗೆ ತೋಳು ಹಾಕಿ ತಮ್ಮನ ಕೂದಲು ಹಿಡಿದು ಮೇಲೆತ್ತಿದ.

“ಹತ್ತೋ ದರಿದ್ರದವ್ನೆ! ಹತ್ತು!”

ದತ್ತಾ ನೀರು ಉಗುಳಿ ಕೆಮ್ಮುತ್ತ, “ನೀ ಕೂತಿಯಲ್ಲ ದಾದಾ, ನಾ ಹೆಂಗೆ ಹತ್ಲಿ?” ಅಂದ.

“ನಾನೇ ಹೇಳ್ತೆ. ಹತ್ತು. ಸತ್ತು ಮತ್ತೊಂದು ಕೆಲ್ಸ ಹಚ್ಬೇಡ ನಂಗೆ.”

ಅವನು ಹತ್ತಿದ. ಹುಟ್ಟು ಹಾಕಿದ. ಶೇವಂತಿ ಗಳ ಕೆಳಗಿಟ್ಟು ಜೋರಾಗಿ ಅತ್ತಳು.

ಕಾರವಾರದಲ್ಲಿ ಕಪ್ಪಾದ ಎರಡು ಬೆರಳನ್ನೂ ಪಕ್ಕದ ಇನ್ನೊಂದನ್ನೂ ತೆಗೆದರು. ಕಾಲು ಉಳಿಯಿತು. ವಾಪಸು ಬಂದ ಮೇಲೆ ಉಳಿದ ಡ್ರೆಸ್ಸಿಂಗ್ ನನ್ನದು. ಈಗ ಅವನು ದೋಣಿಯಲ್ಲಿ ಬರುತ್ತಿದ್ದ, ಒಣಗಿದ ಪಟ್ಟಿಯಲ್ಲಿ. ಅಷ್ಟಕ್ಕೇ ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ಮೊದಮೊದಲು ದತ್ತಾ ಅವನನ್ನು ಬೆಂಚಿನವರೆಗೆ ತಂದು ಕೂರಿಸಿ ದೋಣಿಗೆ ಹಿಂದಿರುಗುತ್ತಿದ್ದ. ಆಮೇಲೆ ಬಾಗಿಲವರೆಗೆ ಬಂದ. ಒಂದು ದಿನ ಒಳಗೇ ಬಂದು ಗೋಡೆಗೆ ಒರಗಿ ನಿಂತ. ಪಟ್ಟಿ ಬಿಚ್ಚಿದಾಗ ಪಾದವನ್ನು ಮೊದಲ ಸಲ ಸರಿಯಾಗಿ ನೋಡಿದ. ಬಹಳ ಹೊತ್ತು ನೋಡಿದ.

“ಆವತ್ತು ಭರತಿ ಇಳೀತಾ ಇತ್ತು ದಾದಾ” ಅಂದ. “ಇನ್ನು ಚೂರು ಕಾದ್ರೆ ದೋಣಿ ಮಳಲಲ್ಲೇ ಕೂಡ್ತಿತ್ತು. ಅದ್ಕೇ ಇದ್ದ ಕಾಯೇ ಬಿಟ್ಟೆ.”

ನಾನು ಸಲೈನ್ ಹಾಕುತ್ತಿದ್ದವನು ಕೈ ನಿಧಾನ ಮಾಡಿದೆ. ಸಿಸ್ಟರ್ ಹೊರಗಿನವರಿಗೆ ಸ್ವಲ್ಪ ನಿಲ್ಲಿ ಎಂದು ಕೈ ಮಾಡಿದರು.

“ಒಂದು ಕೂಗು ಹಾಕೂಕೆ ಆಗ್ತಿರ್ಲಿಲ್ಲಾ?” ಅಂದ ಪಾಂಡಣ್ಣ.

“ಹಾಕಿದ್ದೆ. ನೀ ತಿರುವಲ್ಲಿ ಕಂಡೆ, ಕೂಗ್ದೆ. ಗಾಳಿ ಇತ್ತು.”

ಪಾಂಡಣ್ಣ ಸೂರು ನೋಡುತ್ತ ಮಲಗಿದ್ದ. “ಇದು ಮೊದ್ಲೇ ಹೇಳೂಕೆ ಎಂತಾ ಆಗಿತ್ತು ನಿಂಗೆ?”

“ನೀ ಕೇಳ್ಲೇ ಇಲ್ಲ.”

ಇಷ್ಟೇ. ಕೇಳಲಿಲ್ಲ, ಹೇಳಲಿಲ್ಲ. ನಾನು ಹೊಸ ಪಟ್ಟಿ ಕಟ್ಟಿದೆ. ಅವತ್ತು ದತ್ತಾ ಅವನನ್ನು ಎಬ್ಬಿಸಿ ತೋಳು ಕೊಟ್ಟು ಕರೆದೊಯ್ದ. ಬೆಂಚಿನಲ್ಲಿದ್ದ ಒಬ್ಬ, “ಏನ್ ದತ್ತಾ, ಮದುಮಗನ್ನ ಕರ್ಕಂಡ್ ಹೊರಟಂಗದೆ” ಎಂದು ಕೀಟಲೆ ಮಾಡಿದ. ಇಬ್ಬರೂ ಒಂದೇ ಉಸಿರಿಗೆ ಅವನನ್ನು ಬೈದರು. ಅಣ್ಣತಮ್ಮ ಎಂದು ಆಗ ಗೊತ್ತಾಯಿತು.

ಗಾಯ ಮಾಯಿತು. ತಳದಿಂದ ಬೆಳೆದು ಕೆಂಪಗೆ, ಚೊಕ್ಕಟವಾಗಿ ಮೇಲೆ ಬಂತು. ನನ್ನ ಕೈಯಲ್ಲಿ ಚೆನ್ನಾಗಿ ಮಾಯ್ದ ಗಾಯಗಳಲ್ಲಿ ಅದೊಂದು. ಮಳೆ ಮುಗಿದ ಮೇಲೆ ಪಾಂಡಣ್ಣ ಮನೆಯ ಬಲೆಗೆ ವಾಪಸಾದ ಎಂದು ಕೇಳಿ ನೋಡಲು ಹೋದೆ. ಮರಳಿನ ಮೇಲೆ ಜನ ಎರಡು ಸಾಲಾಗಿ ಹಗ್ಗ ಎಳೆಯುತ್ತಿದ್ದರು. ದತ್ತಾ ಒಂದು ಸಾಲಿನ ಮುಂದೆ ಇದ್ದ. ಪಾಂಡಣ್ಣ ಬುಟ್ಟಿ ಕವುಚಿ ಅದರ ಮೇಲೆ ಕೂತು, ಎಳೆಯುವವರಿಗೆ ಜೋರು ಹೇಳುತ್ತಿದ್ದ.

“ನೀನೇಕೆ ಎಳೆಯುತ್ತಿಲ್ಲ?” ಎಂದು ಕೇಳಿದೆ. ಕೇಳಬಾರದಿತ್ತು.

“ಬಲೆ ಎಳೂದು ತೋಳಿಂದ ಅಂತ ಮಾಡಿರಾ?” ಅಂದ. “ಕಾಲ ಬೆರಳಿಂದ ಕಂಪೌಂಡ್ರೇ. ಬೆರಳು ಮಳಲಲ್ಲಿ ಕಚ್ಚಬೇಕು. ಇಲ್ಲಾ ಅಂದ್ರೆ ಬಲೆನೇ ನಮ್ಮನ್ನ ಎಳಿತದೆ.” ಕಾಲ ಮೇಲಿನ ಮರಳು ಕೊಡವಿ, “ಬೆರಳು ಇದ್ದಾಗ ಬೇರೆಯವ್ರ ಬಲೆ ಎಳ್ದೆ” ಅಂದ.

ಜನ ಹೋ ಎಂದು ಎಳೆದಾಗಲೆಲ್ಲ ಅವನ ಆ ಕಾಲು ತಾನಾಗಿಯೇ ಮರಳನ್ನು ಒತ್ತುತ್ತಿತ್ತು. ಹಿಮ್ಮಡಿ ಹುಗಿಯುತ್ತಿತ್ತು, ಮುಂದೆ ಬೆರಳಿಲ್ಲದ ಕಡೆ ಮರಳು ಜಾರುತ್ತಿತ್ತು. ದತ್ತಾ ಎಳೆಯುತ್ತ ಎಳೆಯುತ್ತ ಅದನ್ನೇ ನೋಡುತ್ತಿದ್ದ. ನಾನು ಕಟ್ಟಿದ ಗಾಯ ಪೂರ್ತಿ ಮಾಯ್ದಿತ್ತು. ಆ ಇಬ್ಬರು ಒಂದೇ ಹಗ್ಗ ಹಿಡಿದು ಎಳೆಯುವುದನ್ನು ಮಾತ್ರ ನಾನು ನೋಡಲೇ ಇಲ್ಲ. ಈಗ ಇಲ್ಲಿ ಕೂತರೆ ಅದನ್ನು ನೋಡಬೇಕಿತ್ತು ಎಂದೇ ಅನಿಸುತ್ತದೆ.

ಹೊಸದಾಗಿ ಈ ಕೆಲಸಕ್ಕೆ ಸೇರಿದವರೇ, ಹಳಬರೇ, ನಿಮ್ಮ ಕೈಗೂ ಇಂಥ ಕಾಲು ಬಂದಿರಬಹುದು. ನಿಮ್ಮ ಮನೆಯಲ್ಲೇ ಇಂಥ ದೋಣಿ ಇರಬಹುದು. ಯಾವುದು ಮಾಯಿತು, ಯಾವುದು ಹೋಯಿತು, ನಾಲ್ಕು ಸಾಲು ಬರೆದು ತಿಳಿಸಿ. ನಾನು ಓದುವುದೂ ನಿಧಾನ, ಆದರೆ ಒಂದಕ್ಷರ ಬಿಡದೆ ಓದುತ್ತೇನೆ.